ಗುಬ್ಬಿಗೆ ತೆನೆ, ಇಲಿಗೆ ಪಾಷಾಣ

ಆಗೆಲ್ಲ ಸಂಕ್ರಾಂತಿ ಹತ್ತಿರವಾಯಿತೆಂದರೆ ನಮ್ಮ ಬೆರಳುಗಳಿಂದ ಅವರೆಕಾಯಿಯ ಸೊಗಡು ಹೋಗುತ್ತಲೇ ಇರಲಿಲ್ಲ. ಹಿತಕವರೆ ಸಾರು, ಬಿಸಿ ಮುದ್ದೆ, ಸಗಣಿ ಸಾರಿಸಿದ ಕಣದ ವಾಸನೆ, ಮೈಗೆಲ್ಲ ರಾಗಿಹುಲ್ಲಿನ ನವೆ. ಬಾಗೂರಿನ ಸುತ್ತಮುತ್ತ ಹುಟ್ಟಿ ಬೆಳೆದ ನನ್ನ ವಯಸ್ಸಿನವರು ಯಾರೇ ಆಗಲಿ ಸುಗ್ಗಿಯ ಬಗ್ಗೆ ಇಷ್ಟು ಹೇಳಿಯೇ ಹೇಳುತ್ತಾರೆ. ನನಗೆ ಮಾತ್ರ ನಾನು ಮೂರನೇ ಕ್ಲಾಸಿನಲ್ಲಿದ್ದ ವರ್ಷದ ಸುಗ್ಗಿ ಎಂದರೆ ಮೊದಲು ಕಣ್ಣಿಗೆ ಬರುವುದು ರಕ್ತ.

ನಮ್ಮ ಅಜ್ಜಿ, ಎಂದರೆ ಅಪ್ಪನ ತಾಯಿ, ಬೆಳಿಗ್ಗೆ ಅಂಗಳ ಸಾರಿಸಿದ ಕೂಡಲೇ ಬೊಗಸೆ ತುಂಬ ನುಚ್ಚು ಚೆಲ್ಲುತ್ತಿದ್ದಳು. ತೊಲೆಯ ಸಂದಿಗಳಿಂದ ಗುಬ್ಬಿಗಳು ಧುಮುಕುತ್ತಿದ್ದವು. ಗೊರವಂಕಗಳು ಬೈದಾಡುತ್ತ ಇಳಿಯುತ್ತಿದ್ದವು. ಅವು ತಿಂದು ಏಳುವವರೆಗೆ ನಾವು ಕುಂಟಾಬಿಲ್ಲೆ ಆಡುವಂತಿರಲಿಲ್ಲ. ತಿಂದು ಉಳಿದದ್ದು ಅಲ್ಲೇ ಬಿದ್ದಿರುತ್ತಿತ್ತು. ಕತ್ತಲಾದ ಮೇಲೆ ಅದನ್ನು ಹುಡುಕಿಕೊಂಡು ಇಲಿಗಳು ಬರುತ್ತಿದ್ದವು.

ಅಪ್ಪನಿಗೆ ಇಲಿ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಅವನು ಹುಡುಗನಾಗಿದ್ದಾಗ ಪ್ಲೇಗು ಬಂದು, ಮನೆಮನೆಯಲ್ಲಿ ಇಲಿ ಸತ್ತು ಬಿದ್ದು, ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತಂತೆ. ಅವನ ಬೆನ್ನಿಗೆ ಹುಟ್ಟಿದ ಚಿಕ್ಕತಾಯಿ ಎಂಬ ತಂಗಿ ಕಂಕುಳಲ್ಲಿ ಗಡ್ಡೆ ಎದ್ದು ಅಲ್ಲೇ ಸತ್ತಳಂತೆ. ಈ ಮಾತನ್ನು ಮನೆಯಲ್ಲಿ ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ.

ಒಂದು ಬೆಳಗ್ಗೆ ತೊಟ್ಟಿಲಲ್ಲಿದ್ದ ತಮ್ಮ ಉಸಿರು ಕಟ್ಟುವಂತೆ ಕಿರುಚಿದ. ಅವ್ವ ಓಡಿಹೋಗಿ ಎತ್ತಿಕೊಂಡಳು. ಮಗುವಿನ ಕತ್ತು, ಅಂಗಿ, ಅವ್ವನ ಸೆರಗು ಎಲ್ಲ ರಕ್ತ. ಬಲಗಿವಿಯ ತುದಿಯನ್ನು ಇಲಿ ಕಡಿದುಕೊಂಡು ಹೋಗಿತ್ತು.

ಅಪ್ಪ ಹಾರೆ ತಂದು ಗೋಡೆಯ ಬುಡ ಅಗೆದ. ತೂತು ಮಡಕೆಯಲ್ಲಿ ಹುಲ್ಲು ಹಚ್ಚಿ ಬಿಲದ ಬಾಯಿಗೆ ಹೊಗೆ ಊದಿದ. ಇನ್ನೊಂದು ಬಾಯಿಂದ ಇಲಿಗಳು ಕೆಮ್ಮುತ್ತ, ಕುರುಡಾಗಿ ಹೊರಗೆ ಬಂದಂತೆ ಒನಕೆಯಿಂದ ಬಡಿದ. ನಾವು ಮಕ್ಕಳು ಮೊದಲು ಕೇಕೆ ಹಾಕಿದೆವು, ಸತ್ತವುಗಳ ಬಾಲ ಹಿಡಿದು ಗಿರಗಿರ ತಿರುಗಿಸಿದೆವು. ಆಮೇಲೆ ಹಾರೆಯ ತುದಿಗೆ ಕೂದಲು ಬಾರದ ಕೆಂಪು ಮರಿಗಳು ಸಿಕ್ಕವು. ಅಪ್ಪ ಅವನ್ನೂ ಬಡಿದ. ನಮ್ಮ ಕೇಕೆ ನಿಂತಿತು. ಒನಕೆ ನಿಲ್ಲಲಿಲ್ಲ.

"ಸಾಕು ಬುಡ್ಲಾ ನಂಜ, ಸತ್ತಿರೋದ್ನ ಎಷ್ಟು ಸಾಯಿಸ್ತೀಯ?" ಎಂದಳು ಅಜ್ಜಿ.

"ನೀನು ಸುಮ್ಕಿರವ್ವ. ಕಾಳು ಚೆಲ್ಲಿ ಚೆಲ್ಲಿ ಇವನ್ನ ಸಾಕಿದೋಳೇ ನೀನು."

ಅಜ್ಜಿಯ ಮುಖ ಸಣ್ಣಗಾಯಿತು. ಅದು ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು.

ಆ ಮಧ್ಯಾಹ್ನವೇ ಅಪ್ಪ ಚನ್ನರಾಯಪಟ್ಟಣಕ್ಕೆ ಹೋಗಿ ಇಲಿಪಾಷಾಣ ತಂದ. ಅದನ್ನು ಎಣ್ಣೆ ಹಾಕಿದ ನುಚ್ಚಿಗೆ ಕಲಸಿ ಗೋಡೆಯ ಬುಡದಲ್ಲೆಲ್ಲ ಇಟ್ಟ. ಕೋಳಿಗಳನ್ನು ಮಂಕರಿಯ ಕೆಳಗೆ ಮುಚ್ಚಿ, ಮಕ್ಕಳು ಹೊರಗೆ ಬರಕೂಡದೆಂದು ಗದರಿಸಿದ. ಗುಬ್ಬಿಗಳ ವಿಷಯ ಅವನಿಗೆ ಹೊಳೆಯಲಿಲ್ಲವೋ, ಹೊಳೆದರೂ ಬೇಡವಾಯಿತೋ, ನನಗೆ ಇವತ್ತಿಗೂ ತಿಳಿಯದು.

ಮರುದಿನ ಅಂಗಳದಲ್ಲಿ ಗುಬ್ಬಿಗಳು ಮಳೆಗಾಲದ ಹುಳುಗಳಂತೆ ಉದುರಿ ಬಿದ್ದಿದ್ದವು. ಕೆಲವು ಇನ್ನೂ ರೆಕ್ಕೆ ಬಡಿಯುತ್ತ ಬಿದ್ದಲ್ಲೇ ಸುತ್ತುತ್ತಿದ್ದವು. ಒಂದು ಗೊರವಂಕ ಕೊಕ್ಕು ತೆರೆದು ನೆಲಕ್ಕೆ ತಲೆ ಚಚ್ಚಿಕೊಳ್ಳುತ್ತಿತ್ತು. ನಾನು ಗದರಿಕೆ ಮರೆತು ಓಡಿಹೋಗಿ ಒಂದು ಗುಬ್ಬಿಯನ್ನು ಎತ್ತಿಕೊಂಡೆ. ಅಜ್ಜಿ ನನ್ನ ಕೈಗೆ ಫಟಾರನೆ ಹೊಡೆದು ಅದನ್ನು ಕೆಡವಿದಳು. "ವಿಸ ಕಣವ್ವ ಅದು!" ಎನ್ನುತ್ತ ನನ್ನ ಅಂಗೈಯನ್ನು ಬೂದಿ ಹಾಕಿ ಚರ್ಮ ಕಿತ್ತುಬರುವಂತೆ ಉಜ್ಜಿದಳು. ಆಮೇಲೆ ಸತ್ತ ಹಕ್ಕಿಗಳನ್ನೆಲ್ಲ ಮೊರಕ್ಕೆ ತುಂಬಿಕೊಂಡು ಒಳಗೆ ನಡೆದಳು. ಅಪ್ಪ ಆಗತಾನೇ ಉಣ್ಣಲು ಕೂತಿದ್ದ. ಅವನ ತಟ್ಟೆಯಲ್ಲಿದ್ದ ಮುದ್ದೆಯ ಮೇಲೆ ಮೊರವನ್ನು ಬೋರಲು ಹಾಕಿದಳು.

"ಉಣ್ಣು. ನೀನೇ ಮಾಡಿದ ಅಡ್ಗೆ."

ಅಪ್ಪ ಎದ್ದು ನಿಂತ. "ಇಲಿ ನನ್ನ ತಂಗೀನ ತಿಂದದ್ದು ಮರ್ತೋಯ್ತಾ ನಿಂಗೆ?"

"ಅವಳು ನನ್ನ ಒಟ್ಟೇಲಿ ಉಟ್ಟಿದ್ದೋಳು ಕಣ್ಲಾ! ಅವಳ್ನ ಮಣ್ಣು ಮಾಡಿ ಬಂದು ಈ ಮನೆ ಬಾಗ್ಲು ತಗ್ದಾಗ ಒಳಗೆ ಉಸ್ರಾಡ್ತಿದ್ದದ್ದು ಗುಬ್ಬಿ ಒಂದೇಯ. ಅವು ಇಲ್ದಿದ್ರೆ ನಾನು ಒಸ್ಲು ದಾಟ್ತಿರ್ಲಿಲ್ಲ."

ಅಪ್ಪ ತಟ್ಟೆಯನ್ನು ಒದ್ದ. ಎರಡೂ ಕೈಯಿಂದ ಅಜ್ಜಿಯನ್ನು ದಬ್ಬಿದ. ಅವಳು ಒರಳುಕಲ್ಲಿನ ಮೇಲೆ ಬಿದ್ದಳು. ಒಣ ಜಾಲಿಕಡ್ಡಿ ಮುರಿದಂಥ ಸದ್ದಾಯಿತು. ಬಲಗೈ ಮಣಿಕಟ್ಟಿನ ಹತ್ತಿರ ಸೊಟ್ಟಗೆ ತಿರುಗಿಕೊಂಡಿತ್ತು. ಅಪ್ಪ ಮತ್ತೆ ಅವಳತ್ತ ಬಗ್ಗಿದ. ಎತ್ತುವುದಕ್ಕೋ ಹೊಡೆಯುವುದಕ್ಕೋ ಯಾರಿಗೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅವ್ವ, ಅಪ್ಪನ ಮುಂದೆ ಯಾವತ್ತೂ ದನಿ ಎತ್ತದ ಅವ್ವ, ಒನಕೆ ಎತ್ತಿ ನಡುವೆ ನಿಂತಿದ್ದಳು.

"ಇನ್ನೊಂದು ಎಜ್ಜೆ ಇಟ್ರೆ ತಲೆ ಒಡ್ದಾಕ್ಬುಡ್ತೀನಿ."

ಒನಕೆಯ ತುದಿಯಲ್ಲಿ ಹಿಂದಿನ ದಿನದ ಇಲಿರಕ್ತ ಒಣಗಿ ಕಪ್ಪಾಗಿತ್ತು. ಅಪ್ಪ ಅದನ್ನೇ ನೋಡಿದ. ಆಮೇಲೆ ನೆಲಕ್ಕೆ ಕುಸಿದು ಕೂತು ಮಗುವಿನ ಹಾಗೆ ಅತ್ತ.

ಮೂಳೆ ಕಟ್ಟುವವನು ಬಂದು ಬಿದಿರು ದಬ್ಬೆ ಇಟ್ಟು ಕಟ್ಟಿದ. ಅಜ್ಜಿಗೆ ತಾನಾಗಿ ಉಣ್ಣಲು ಆಗುತ್ತಿರಲಿಲ್ಲ. ಅಪ್ಪ ಹೊತ್ತು ಹೊತ್ತಿಗೂ ಅವಳ ಎದುರಿಗೆ ಕೂತು, ಮುದ್ದೆ ಮುರಿದು, ಸಾರಿಗೆ ಅದ್ದಿ ಬಾಯ ಹತ್ತಿರ ಹಿಡಿಯುತ್ತಿದ್ದ. ಅವಳು ಮುಖ ತಿರುಗಿಸುತ್ತಿದ್ದಳು. ಸಾರು ಮೊಣಕೈಗೆ ಇಳಿಯುವವರೆಗೂ ಅವನು ಕೈ ಹಿಂದಕ್ಕೆ ತೆಗೆಯುತ್ತಿರಲಿಲ್ಲ. ಅವನು ಎದ್ದು ಹೋದ ಮೇಲೆ ಅವ್ವ ತಿನ್ನಿಸುತ್ತಿದ್ದಳು. ಕೊನೆಗೆ ಒಂದು ದಿನ ಅಜ್ಜಿ ಅಪ್ಪನ ಕೈತುತ್ತಿಗೆ ಬಾಯಿ ತೆರೆದಳು. ಅಗಿದು ನುಂಗಿ, "ಉಪ್ಪು ಕಮ್ಮಿ" ಎಂದಳು. ಅಷ್ಟು ದಿನಗಳಲ್ಲಿ ಅವನ ಜೊತೆ ಆಡಿದ ಮೊದಲ ಮಾತು ಅದು.

ಎರಡನೆಯ ಮಾತು ಗುಬ್ಬಿಗಳ ಬಗ್ಗೆ. "ನೆಲದ ಮ್ಯಾಲೆ ಚೆಲ್ಲಿದ್ದು ನನ್ನ ತೆಪ್ಪು. ಗಾಳೀಲಿ ತೂಗಾಕಿದ್ರೆ ಇಲಿಗೆಲ್ಲಿ ಎಟುಕ್ತದೆ?"

ಅಪ್ಪ ಮೆದೆಯಿಂದ ದಪ್ಪ ದಪ್ಪ ರಾಗಿತೆನೆ ಆರಿಸಿ ಗೊಂಚಲು ಕಟ್ಟಿದ. ಗೋಡೆಯಿಂದ ದೂರ, ಅಂಗಳದ ನಡುವೆ ಎರಡು ಗೂಟ ನೆಟ್ಟು ತಂತಿ ಎಳೆದ. ತಂತಿಯ ಎರಡೂ ಕಡೆ ತೂತು ಕೊರೆದ ತೆಂಗಿನ ಕರಟ ಪೋಣಿಸಿದ. ಇಲಿ ಗೂಟ ಹತ್ತಿ ತಂತಿಗೆ ಬಂದರೂ ಕರಟಕ್ಕೆ ಕಾಲಿಟ್ಟ ಕೂಡಲೇ ಅದು ಗಿರ್ರನೆ ತಿರುಗಿ ಕೆಳಗೆ ಕೆಡವುತ್ತಿತ್ತು. ಉದುರಿದ ಕಾಳನ್ನು ಕೋಳಿಗಳು ಹೆಕ್ಕುತ್ತಿದ್ದವು. ಉಳಿದದ್ದನ್ನು ಸೂರ್ಯ ಮುಳುಗುವುದರೊಳಗೆ ನಾನು ಒಂದು ಕಾಳೂ ಬಿಡದೆ ಗುಡಿಸಬೇಕಿತ್ತು. ಪಾಷಾಣವನ್ನು ಅಪ್ಪ ಹೊಲದ ಮೂಲೆಯಲ್ಲಿ ಆಳವಾಗಿ ಹೂತುಬಂದ.

ಗುಬ್ಬಿಗಳು ಬಹಳ ದಿನ ಬರಲಿಲ್ಲ. ಅಜ್ಜಿ ಜಗಲಿಯ ಮೇಲೆ ಕೂತು ಕಾಯುತ್ತಿದ್ದಳು. ಅಪ್ಪನೂ ಕಾಯುತ್ತಿದ್ದ, ಕಾಯುತ್ತಿಲ್ಲವೆಂಬಂತೆ ಹಗ್ಗ ಹೊಸೆಯುತ್ತ. ಶಿವರಾತ್ರಿಯ ಹೊತ್ತಿಗೆ ಯಾವ ಊರಿನವೋ ಏನೋ, ಒಂದು ಜೋಡಿ ಬಂದು ತೆನೆಗೆ ಜೋತುಬಿದ್ದವು. ಅಜ್ಜಿಯ ಕೈ ಮಾತ್ರ ಮತ್ತೆ ನೆಟ್ಟಗಾಗಲೇ ಇಲ್ಲ. ಸಾಯುವವರೆಗೂ ಅವಳ ಮುದ್ದೆಯನ್ನು ಅಪ್ಪನೇ ಮುರಿದು ಕೊಟ್ಟ.

ನಾನೀಗ ಹೊಳೆನರಸೀಪುರದಲ್ಲಿದ್ದೇನೆ. ಮಕ್ಕಳ ಮೇಲೂ ಹೆಂಗಸರ ಮೇಲೂ ಕೈ ಎತ್ತುವ ಆ ಕಾಲ ಹೋದದ್ದಕ್ಕೆ ನನಗೆ ಸಂಕಟವಿಲ್ಲ. ಆದರೆ ಅದರ ಜೊತೆ ಹೋದದ್ದೇ ಬಹಳ. ಊರ ಮನೆ ಆರ್‌ಸಿಸಿ ಆಯಿತು, ತೊಲೆಗಳ ಸಂದಿ ಇಲ್ಲವಾಯಿತು, ರಾಗಿಯನ್ನು ಮಿಷನ್ನು ಹೊಲದಲ್ಲೇ ಒಕ್ಕುತ್ತದೆ. ಹೋದ ವರ್ಷ ಹಟ ಹಿಡಿದು ಒಂದು ಕಂತೆ ತೆನೆ ತರಿಸಿ ಮಹಡಿಯ ಮೇಲೆ ತೂಗಹಾಕಿದೆ. ಬೇಸಿಗೆ ಕಳೆದು ಮಳೆ ಹಿಡಿಯುವ ಮೊದಲು ಬಿಚ್ಚಿ ಇಳಿಸಿದೆ. ಕಟ್ಟಿದ ದಿನ ಎಷ್ಟು ಭಾರವಿತ್ತೋ ಅಷ್ಟೇ ಭಾರವಿತ್ತು.