ಎರಡು ಹಲ್ಲು ಹೋದ ಮೇಲೆ ಕೊಂಡ ಬ್ಯಾರಿಟೋನ್

ಮದುಮಗನ ಕುದುರೆ ತಲೆ ಕೊಡವಿದ್ದರಿಂದ ನನ್ನ ಮೇಲಿನ ಎರಡು ಹಲ್ಲು ಹೋದವು. ಹೊಸಪೇಟೆಯ ಒಂದು ಬ್ಯಾಂಡ್ ಸೆಟ್ಟಿನಲ್ಲಿ ನಾನು ಕಾರ್ನೆಟ್ ಎಂಬ ಹಿತ್ತಾಳೆಯ ಸಣ್ಣ ತುತ್ತೂರಿ ಊದುತ್ತಿದ್ದ ಕಾಲ ಅದು. ಮೆರವಣಿಗೆಯಲ್ಲಿ ಕುದುರೆಯ ಮುಂದೆಯೇ ನಿಂತು, ಬೀಗರೆಲ್ಲ ನನ್ನನ್ನೇ ನೋಡಲಿ ಎಂದು ಕಣ್ಣು ಮುಚ್ಚಿ ಊದುತ್ತಿದ್ದೆ. ಕುದುರೆಗೆ ನನ್ನ ಸಂಗೀತ ಹಿಡಿಸಲಿಲ್ಲವೋ ಏನೋ, ಮೂತಿಯಿಂದ ಕಾರ್ನೆಟ್ಟಿಗೆ ಗುದ್ದಿತು, ಕಾರ್ನೆಟ್ ನನ್ನ ಬಾಯಿಗೆ ಗುದ್ದಿತು. ಮೆರವಣಿಗೆ ಮುಂದೆ ಹೋಯಿತು. ನಾನು ಬಾಯಿ ಹಿಡಿದುಕೊಂಡು ಅಲ್ಲೇ ಕುಳಿತೆ.

ಗಾಯವೇನೋ ಮಾಯಿತು. ಆದರೆ ಕಾರ್ನೆಟ್ಟನ್ನು ತುಟಿಗೆ ಒತ್ತಿ ಊದಬೇಕು, ಒತ್ತಿದ ತುಟಿಗೆ ಹಿಂದಿನಿಂದ ಹಲ್ಲಿನ ಆಸರೆ ಬೇಕು. ಅದಿಲ್ಲದೆ ನಾನು ಊದಿದರೆ ಒಲೆ ಊದಿದ ಸದ್ದು ಬರುತ್ತಿತ್ತು. ಬ್ಯಾಂಡಿನ ಯಜಮಾನರು ಒಂದೆರಡು ಮದುವೆ ತಾಳಿಕೊಂಡರು. ಆಮೇಲೆ ಎಲ್ಲರೆದುರೇ ಹೇಳಿಬಿಟ್ಟರು.

"ನೋಡಪಾ, ಕಂಪ್ಲಿ ಮದುವಿಗೆ ನೀ ತಾಳ ಹಿಡಿ. ತಾಳ ಹೊಡ್ಯಾಕ ಹಲ್ಲು ಬೇಕಾಗಿಲ್ಲ."

ಎಲ್ಲರೂ ನಕ್ಕರು. ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ಅಡ್ಡ ಹಿಡಿದು ನಾನೂ ನಕ್ಕೆ. ಹಲ್ಲು ಹೋದಾಗಿನಿಂದ ವಲ್ಲಿಯಿಲ್ಲದೆ ನಗುತ್ತಿರಲಿಲ್ಲ. ತಾಳ ಹೊಡೆಯುವುದು ಕೀಳು ಕೆಲಸ ಎಂದು ನಾನು ಹೇಳುವವನಲ್ಲ. ಆದರೆ ನಮ್ಮ ಮನೆಯಲ್ಲಿ ಅಪ್ಪ, ಅಜ್ಜ ಎಲ್ಲರೂ ಸನಾದಿ ಊದಿಯೇ ಹೊಟ್ಟೆ ಹೊರೆದವರು. ಆ ವಂಶದಲ್ಲಿ ಊದಲಾರದೆ ಉಳಿದವನು ನಾನೊಬ್ಬನೇ ಆಗುತ್ತೇನಲ್ಲ ಎಂದು ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಯಜಮಾನರ ಮೇಲೆ ಸಿಟ್ಟು, ಕುದುರೆಯ ಮೇಲೆ ಸಿಟ್ಟು, ಬೀದಿಯಲ್ಲಿ ಕಬ್ಬು ಸಿಗಿದು ತಿನ್ನುವ ಎಲ್ಲರ ಮೇಲೂ ಸಿಟ್ಟು.

ಸಂಡೂರಿನಲ್ಲಿ ವಯಸ್ಸಾದ ಬ್ಯಾಂಡ್ ಮಾಸ್ತರರೊಬ್ಬರು ತಮ್ಮ ಹಳೆಯ ವಾದ್ಯಗಳನ್ನು ಮಾರುತ್ತಾರೆಂದು ಆಗಲೇ ಸುದ್ದಿ ಬಂತು. ಕಾರ್ನೆಟ್ಟಿನಷ್ಟು ತುಟಿ ಒತ್ತದೆ ಊದುವ ಸ್ಯಾಕ್ಸೊಫೋನೂ ಅದರಲ್ಲಿ ಇದೆಯೆಂದು ಕೇಳಿ ನಾನು ಹೊರಟೆ. ಹೆಂಡತಿಯೂ ಸೆರಗು ಬಿಗಿದು ಹೊರಟಳು.

"ಕಾರ್ನೆಟ್ ತಗೊಂಡು ನಡೀರಿ, ಬದಲಿ ಕೊಡಾಕ ಬರ್ತೈತಿ. ನಿಮ್ಮೊಬ್ರನ್ನ ಕಳಿಸಿದ್ರ ಹೊಳಿಯೋದು ನೋಡಿ ಮರುಳಾಗಿ ಬರ್ತೀರಿ."

ಬಸ್ಸಿನಲ್ಲಿ ಗುಡ್ಡ ದಾಟಿ ಇಳಿಯುವಷ್ಟರಲ್ಲಿ ಇಬ್ಬರ ಮುಖವೂ ಕೆಂಧೂಳಿಯಿಂದ ಕೆಂಪಾಗಿತ್ತು. ಮಾಸ್ತರರ ಪಡಸಾಲೆಯಲ್ಲಿ ಆಕೆ ಹೇಳಿದ ಹಾಗೆಯೇ ಆಯಿತು. ಬೆಳ್ಳಿಯಂತೆ ಹೊಳೆಯುವ ಸಣ್ಣ ಸ್ಯಾಕ್ಸೊಫೋನ್ ಒಂದಿತ್ತು, ನನ್ನ ಕಣ್ಣು ಅದರ ಮೇಲೇ ನೆಟ್ಟಿತು. ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿದ್ದ ಇನ್ನೊಂದನ್ನು ನೋಡಿದವಳು ಹೆಂಡತಿ. ನನ್ನ ಎದೆಯೆತ್ತರದ ವಾದ್ಯ, ಕಪ್ಪಿಟ್ಟ ಹಿತ್ತಾಳೆ, ಬಾಯಿಯ ಅಂಚಿನಲ್ಲಿ ಒಂದು ನೆಗ್ಗು. ನೆತ್ತಿಯಲ್ಲಿ ಕೊಳವೆ ಜಿಲೇಬಿಯ ಹಾಗೆ ಸುತ್ತಿಕೊಂಡಿತ್ತು.

"ಅದು ಬ್ಯಾರಿಟೋನ್, ದಪ್ಪ ದನಿ ಸ್ಯಾಕ್ಸೊಫೋನು," ಎಂದರು ಮಾಸ್ತರರು. "ಭಾಳ ಹಳೇದು. ಅದನ್ನ ಹೊತ್ಕೊಂಡು ನಡಿಯೋರು ಯಾರೂ ಸಿಗವಲ್ರು. ನೀವು ಈ ಸಣ್ಣದು ನೋಡ್ರಿ."

ಸಣ್ಣದನ್ನು ಊದಿದೆ. ನಾಯಿಯ ಬಾಲ ತುಳಿದ ಹಾಗೆ ಕೂಗಿಕೊಂಡಿತು. ಮಾಸ್ತರರು ನನ್ನ ಬಾಯಿಯೊಳಗೆ ಇಣುಕಿ ನೋಡಿ ಮೆಲ್ಲಗೆ ಹೇಳಿದರು.

"ಮ್ಯಾಲಿನ ಹಲ್ಲು ಮೌತ್‌ಪೀಸಿನ ಮ್ಯಾಲ ಕುಂದ್ರಬೇಕ್ರಿ. ನಿಮಗ ಕಷ್ಟ ಐತಿ."

ವಲ್ಲಿ ಬಾಯಿಗೆ ಬಂತು. ಏಳುವುದರಲ್ಲಿದ್ದೆ. ಆಗ ಅಪ್ಪ ನೆನಪಾದ. ಕೊನೆಗಾಲಕ್ಕೆ ಅವನ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಎರಡೂ ತುಟಿಗಳನ್ನು ವಸಡಿನ ಮೇಲೆ ಒಳಕ್ಕೆ ಮಡಚಿ, ಮುಂಜಾನೆಯಿಂದ ಸಂಜೆತನಕ ಸನಾದಿ ಊದುತ್ತಿದ್ದ, ನನಗೂ ಹಾಗೆಯೇ ಕಲಿಸಿದ್ದ. ಕಾರ್ನೆಟ್ಟಿನ ಹೊಳಪಿಗೆ ಮರುಳಾಗಿ ಅದನ್ನೆಲ್ಲ ಮರೆತಿದ್ದೆ. ಕೂಗಿ ಮಾನ ಕಳೆದ ಸಣ್ಣದನ್ನು ಮತ್ತೆ ಮುಟ್ಟಲು ಮನಸ್ಸಾಗದೆ, ಗೋಣಿಚೀಲ ಸರಿಸಿ ಆ ದೊಡ್ಡದನ್ನು ಕುತ್ತಿಗೆಗೆ ಹಾಕಿಕೊಂಡೆ, ತುಟಿ ಮಡಚಿದೆ, ಊದಿದೆ. ಬುಸ್ಸೆಂದು ಗಾಳಿ ಹೋಯಿತು, ಸ್ವರ ಬರಲಿಲ್ಲ.

ಸೋರುತ್ತಿರುವುದು ನನ್ನ ಬಾಯೋ, ಅದರ ಮೈಯೋ? ಅದು ಗೊತ್ತಾಗದೆ ನಾನು ಆ ಮನೆಯಿಂದ ಹೊರಡುವಂತಿರಲಿಲ್ಲ. ನನ್ನ ಬಾಯೇ ಆಗಿದ್ದರೆ ಆಯುಷ್ಯಪೂರ್ತಿ ತಾಳ.

"ಒಂದು ಬೀಡಿ ಕೊಡ್ರಿ," ಎಂದೆ.

ಬಾಯಿ ತುಂಬ ಹೊಗೆ ಎಳೆದುಕೊಂಡು, ಬ್ಯಾರಿಟೋನಿನ ತೂತುಗಳ ಮೇಲಿನ ಮುಚ್ಚಳಗಳನ್ನೆಲ್ಲ ಬೆರಳಿನಿಂದ ಮುಚ್ಚಿ, ತುಟಿ ಮಡಚಿ ಮೆಲ್ಲಗೆ ಊದಿದೆ. ಹೆಂಡತಿ ಹೇನು ಹುಡುಕುವವಳ ಹಾಗೆ ಬಗ್ಗಿ ಸುತ್ತಲೂ ನೋಡಿದಳು.

"ಇಲ್ಲೈತ್ರೀ! ಈ ಕೆಳಗಿನ ಮುಚ್ಚಳದಾಗ ಹೊಗಿ ಬರಾಕತ್ತೈತಿ!"

ನನ್ನ ಬಾಯಿ? ಕೈ ಬಿಡುವಂತಿಲ್ಲ, ಮಾತಾಡುವಂತಿಲ್ಲ, ಹುಬ್ಬು ಹಾರಿಸಿ ಕೇಳಿದೆ. ಆಕೆ ಮುಖದ ಹತ್ತಿರ ಬಂದು ಈ ಕಡೆ ಆ ಕಡೆ ನೋಡಿದಳು.

"ನಿಮ್ಮ ಬಾಯಾಗಿಂದ ಒಂದೆಳಿ ಹೊಗಿನೂ ಹೋಗವಲ್ದು."

ಆ ಮಾತು ಕೇಳಿ ನನಗೆ ಕಣ್ಣೀರೇ ಬಂತು. ಹೊಗೆಯಿಂದ ಬಂದದ್ದೆಂದು ಮಾಸ್ತರರು ತಿಳಿದಿರಬೇಕು. ಮುಚ್ಚಳದ ಒಳಗಿನ ಚರ್ಮದ ಬಿಲ್ಲೆ ಹರಿದಿತ್ತು, ಅಷ್ಟೇ. ಹೆಂಡತಿ ಅದನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿದು "ಊದ್ರಿ" ಎಂದಳು.

ಊದಿದೆ. ಎಂಥ ಸ್ವರ ಅದು! ಮೊದಲು ನನ್ನ ಹೊಟ್ಟೆ ನಡುಗಿತು, ಆಮೇಲೆ ಕಿವಿಗೆ ಕೇಳಿತು. ಮಣೆಯ ಮೇಲಿದ್ದ ತಂಬಿಗೆ ಗಿಣಿಗಿಣಿ ಎಂದಿತು. ಮಂಚದ ಕೆಳಗಿದ್ದ ಕೋಳಿಯೊಂದು ಎದ್ದು ಬೀದಿಗೆ ಓಡಿತು. ಮಾಸ್ತರರು ಕಣ್ಣು ಮುಚ್ಚಿ "ಇನ್ನೊಮ್ಮಿ" ಎಂದರು.

ಕಾರ್ನೆಟ್ಟನ್ನು ಬದಲಿ ಕೊಟ್ಟ ಮೇಲೂ ಅವರು ಇನ್ನಷ್ಟು ರೊಕ್ಕ ಕೇಳಿದಾಗ ಹೆಂಡತಿ ಸೋರುವ ಮುಚ್ಚಳ ಒತ್ತಿ ಹಿಡಿದಿದ್ದ ಹೆಬ್ಬೆರಳು ತೋರಿಸಿದಳು.

"ಸೋರೋ ಕೊಡಕ್ಕ ಪೂರಾ ರೊಕ್ಕ ಯಾರು ಕೊಡ್ತಾರ್ರಿ?"

ಅವರು ನಕ್ಕು ಬೆಲೆ ಇಳಿಸಿದರು, ಗೋಣಿಚೀಲವನ್ನೂ ಕೊಟ್ಟರು. ಬಸ್ಸಿನಲ್ಲಿ ಅದನ್ನು ಮೇಲೆ ಹಾಕು ಎಂದ ಕಂಡಕ್ಟರನ ಜೊತೆ ಜಗಳವಾಡಿ ತೊಡೆಯ ಮೇಲೆಯೇ ಮಲಗಿಸಿಕೊಂಡು ತಂದೆ.

ಹೆಂಡತಿಯ ತವರು ಹಂಪಿ. ಹರಿದ ಬಿಲ್ಲೆಗೆ ಆಡಿನ ತೆಳು ಚರ್ಮ ಅಂಟಿಸಿ, ಹಂಪಿ ಬಜಾರಿನ ಖಾಲಿ ಕಲ್ಲುಮಂಟಪವೊಂದರಲ್ಲಿ ಕುಳಿತು ಸಾಧನೆ ಮಾಡಿದೆ. ಗುಂಡಿಗಳು ಸನಾದಿಯ ತೂತುಗಳ ಸಾಲಿನಲ್ಲೇ ಇದ್ದುದರಿಂದ ಬೆರಳು ತಾನಾಗಿ ದಾರಿ ಹಿಡಿಯಿತು. ಮೊದಲ ದಿನ ಬಾಳೆತೋಟದಿಂದ ಇಬ್ಬರು ಕೋಲು ಹಿಡಿದು ಬಂದರು. ತಪ್ಪಿಸಿಕೊಂಡ ಕೋಣ ಇಲ್ಲೆಲ್ಲೋ ಒದರುತ್ತಿದೆ ಎಂದುಕೊಂಡಿದ್ದರಂತೆ. ನನಗೆ ಬೇಸರವಾಗಲಿಲ್ಲ. ಕಾರ್ನೆಟ್ಟಿನ ಕಾಲದಲ್ಲಿ ಅಷ್ಟು ದೂರ ಯಾರಿಗೂ ಕೇಳಿಸಿರಲಿಲ್ಲ.

ಕಂಪ್ಲಿಯಲ್ಲಿ ಬೆಳಿಗ್ಗೆ ದಿಬ್ಬಣ ಇಳಿಯುವ ಹೊತ್ತಿಗೆ ಯಜಮಾನರು ನನ್ನ ಗೋಣಿಚೀಲ ನೋಡಿದರು.

"ತಾಳ ಎಲ್ಲೈತಲೇ?"

"ಮನ್ಯಾಗ ಬಿಟ್ಟು ಬಂದೀನ್ರಿ."

ಅವರು ಬಯ್ಯುವ ಮೊದಲೇ ಊದಿಬಿಟ್ಟೆ. ಎರಡೂ ಕಡೆ ಮನೆಗಳಿದ್ದ ಇಕ್ಕಟ್ಟಾದ ಬೀದಿ. ಸ್ವರ ಗೋಡೆಯಿಂದ ಗೋಡೆಗೆ ತುಂಬಿಕೊಂಡಿತು. ಹಿಟ್ಟು ನಾದುತ್ತಿದ್ದ ಕೈಯಲ್ಲೇ ಹೆಂಗಸರು ಬಾಗಿಲಿಗೆ ಬಂದರು. ಅಷ್ಟು ದಿನ ಒಂಟಿಯಾಗಿ ಕೀರಲು ದನಿಯಲ್ಲಿ ಕೂಗುತ್ತಿದ್ದ ಯಜಮಾನರ ಕ್ಲಾರ್ನೆಟ್ಟಿಗೆ ಕಾಲೂರಲು ನೆಲ ಸಿಕ್ಕಿತು. ಅದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ಅವರಿಗೇ. ಕುದುರೆ ಕಿವಿ ನಿಮಿರಿಸಿ ಹೆಜ್ಜೆ ಹಾಕಿತು. ಈ ಸಲ ಅದರಿಂದ ದೂರವೇ ನಿಂತಿದ್ದೆ.

ಮನೆ ಮುಂದೆ ಮೇಳ ನಿಂತಾಗ ಬೀಗರು "ಆ ದೊಡ್ಡದು ಇನ್ನೊಮ್ಮಿ ಊದಿಸ್ರಿ" ಎಂದು ಕೂಗಿದರು. ಯಜಮಾನರು ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಊದಪಾ. ನೀ ಹಿಡಿ, ಆಮ್ಯಾಲ ನಾವು ಬರ್ತೀವಿ."

ನಾನು ನಕ್ಕೆ. ಎರಡೂ ಕೈ ಬ್ಯಾರಿಟೋನಿನ ಮೇಲಿದ್ದವು, ವಲ್ಲಿ ನಾವು ಬಂದ ಬಂಡಿಯಲ್ಲೆಲ್ಲೋ ಉಳಿದಿತ್ತು. ಇಡೀ ಕಂಪ್ಲಿಗೆ ನನ್ನ ಬಾಯಿಯ ಕಿಂಡಿ ಕಾಣುವ ಹಾಗೆ ನಕ್ಕೆ. ಹೆಂಗಸರ ಗುಂಪಿನಿಂದ, ನನ್ನ ಊದು ನೋಡಲೆಂದೇ ಜೊತೆಗೆ ಬಂದಿದ್ದ ಹೆಂಡತಿಯ ದನಿ ಬಂತು.

"ಸಾಕ್ರೀ! ಬಾಯಿ ಮುಚ್ಚಿ ಊದ್ರಿ!"

ಅಪ್ಪ ಕಲಿಸಿದ ಹಾಗೆ ಎರಡೂ ತುಟಿಗಳನ್ನು ಒಳಕ್ಕೆ ಮಡಚಿ ಊದಿದೆ.