ಹೇಝಲ್‌ನಟ್ ಗಿಡಕ್ಕೆ ಗೀಸರಿನ ನೀರು

ಕೆಳಗಿನ ಫ್ಲ್ಯಾಟಿನ ಟರ್ಕಿಯ ಅಕ್ಕ ರಜೆಗೆ ಊರಿಗೆ ಹೋಗುವಾಗ ತಮ್ಮ ಹೇಝಲ್‌ನಟ್ ಗಿಡದ ಕುಂಡವನ್ನು ನನಗೆ ಒಪ್ಪಿಸಿದ್ದರು. ಗಲ್ಫಿನ ಈ ಹಮ್ರಿಯಾದ ಬಿಸಿಲಿಗೆ ಹೆದರಿ ಅದನ್ನು ಬಾಲ್ಕನಿಯ ನೆರಳಿನಲ್ಲಿ, ತುಳಸಿಯ ಪಕ್ಕ ಇಟ್ಟೆ. ದಿನಾ ಪೂಜೆ ಮುಗಿಸಿ ತುಳಸಿಗೆ ಕಲಶದ ನೀರು, ಇದಕ್ಕೆ ಬಾಲ್ಕನಿ ನಳ್ಳಿಯದು ಒಂದು ಬಕೆಟ್. ತುಳಸಿ ನಳನಳಿಸಿತು, ಇದರ ಎಲೆಗಳು ಮಾತ್ರ ಅಂಚು ಸುಟ್ಟು ಉದುರಿದವು. ಗೊಬ್ಬರ ಹಾಕಿದೆ, ಬೇವಿನೆಣ್ಣೆ ಸಿಂಪಡಿಸಿದೆ, ಕೊನೆಗೆ ಹರಕೆಯನ್ನೂ ಹೊತ್ತೆ. ಏನೂ ಫಲವಿಲ್ಲ. ಆ ಅಕ್ಕ ಬರಲು ಇನ್ನೊಂದೇ ವಾರ, ಯಾವ ಮುಖ ಹೊತ್ತು ಬಾಗಿಲು ತೆರೆಯಲಿ?

ಮಧ್ಯಾಹ್ನ ಸಿಟ್ಟಿನಲ್ಲಿ ಮತ್ತೊಂದು ಬಕೆಟ್ ಸುರಿಯಲು ಹೋದಾಗ, ನಮ್ಮವರು ನೀರಿಗೆ ಬೆರಳಿಟ್ಟು ತಟ್ಟನೆ ತೆಗೆದರು.

“ಮಾರಾಯ್ತಿ, ನೀನು ನೀರು ಹಾಕುವುದಾ, ಕಷಾಯ ಕಾಯಿಸುವುದಾ?”

ನಳ್ಳಿಗೆ ನೇರ ಬರುವ ತಾರಸಿಯ ಟ್ಯಾಂಕಿನ ನೀರು ಬಿಸಿಲಿಗೆ ಕಾದಿರುತ್ತದೆಂದು, ಬೇಸಿಗೆಯಲ್ಲಿ ಬಚ್ಚಲಿನ ಗೀಸರ್ ಆರಿಸಿಟ್ಟು, ಅದರೊಳಗೆ ತಣಿದ ನೀರಿನಲ್ಲೇ ಸ್ನಾನ ಮಾಡುವವರು ನಾವು. ನಮ್ಮ ಮೈ ಸುಡುವ ನೀರು ಗಿಡದ ಬೇರನ್ನೂ ಬೇಯಿಸುತ್ತದೆ ಎಂದು ಮಾತ್ರ ನನಗೆ ಹೊಳೆದಿರಲಿಲ್ಲ. ಇಷ್ಟು ವರ್ಷ ಇಲ್ಲಿದ್ದು ಏನು ಬಂತು ಎಂದು ನನ್ನ ಮೇಲೆಯೇ ರೇಗಿತು.

ಕೊಂಬೆಯನ್ನು ಉಗುರಿನಿಂದ ಕೆರೆದು ನೋಡಿದೆ. ಒಳಗೆ ಎಳೆಯಷ್ಟು ಹಸಿರಿತ್ತು. ದೇವರು ಅಷ್ಟನ್ನಾದರೂ ಉಳಿಸಿದ್ದ. ಬಚ್ಚಲಿಗೆ ಹೋಗಿ ಗೀಸರಿನ ನಳ್ಳಿಗೆ ಬಕೆಟ್ ಇಟ್ಟೆ.