ಬ್ಯಾಗಿನಲ್ಲೇ ಉಳಿದ ಡಬ್ಬ

ಶಾಹಿನ್, ಅವತ್ತು ಇಂಟರ್ವ್ಯೂ ಕೋಣೆಯಿಂದ ಹೊರಗೆ ಬಂದು ನಾನು ನಿನಗೆ ಹೇಳಿದ್ದು ಸುಳ್ಳು. ಒಳಗೆ ಹೇಳಿದ್ದು ಅದಕ್ಕಿಂತ ದೊಡ್ಡ ಸುಳ್ಳು. ಇಷ್ಟು ವರ್ಷ ನಿನಗೆ ಎರಡೂ ಗೊತ್ತಾಗಲಿಲ್ಲ — ಗೊತ್ತಾಗಲು ನಾನು ಬಿಡಲಿಲ್ಲ.

ತುಮಕೂರಿನ ಆ ಎಲೆಕ್ಟ್ರಾನಿಕ್ಸ್ ಕಂಪನಿ ನಮ್ಮ ಕಾಲೇಜಿನಿಂದ ಒಬ್ಬರನ್ನು ಮಾತ್ರ ಇಂಟರ್ನ್‌ಶಿಪ್‌ಗೆ ತೆಗೆದುಕೊಳ್ಳುತ್ತೇವೆ ಎಂದಿತ್ತು. ಆರು ತಿಂಗಳು ಚೆನ್ನಾಗಿ ಮಾಡಿದರೆ ಅಲ್ಲೇ ಕೆಲಸ. ಕೊನೆಗೆ ಉಳಿದವರು ನಾವಿಬ್ಬರು — ಬಿಳಿಗೆರೆಯ ನಾನು, ತಿಪಟೂರಿನ ರೇಡಿಯೋ ರಿಪೇರಿ ಅಂಗಡಿಯ ಮಗಳು ನೀನು. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಯಾರೂ ಹೈಸ್ಕೂಲು ದಾಟಿರಲಿಲ್ಲ. ಇದು ಸಿಗದಿದ್ದರೆ ಮದುವೆ ಎಂದು ಅಪ್ಪ ಹೇಳಿಬಿಟ್ಟಿದ್ದರು. ನಿನ್ನ ಮನೆಯಲ್ಲೂ ಅದೇ ಮಾತು ನಡೆದಿತ್ತು. ಅದೂ ನನಗೆ ಗೊತ್ತಿತ್ತು.

ಬಸ್ಸಿನಲ್ಲಿ ನಿನ್ನ ಬ್ಯಾಗಿನೊಳಗೆ ತೆಂಗಿನಕಾಯಿ ನೋಡಿ ನಾನೇ ರೇಗಿಸಿದ್ದೆ. "ಏನೇ, ಇಂಟರ್ವ್ಯೂಗೋ, ಹಣ್ಣುಕಾಯಿ ಮಾಡ್ಸಕ್ಕೋ?"

"ನಿಮ್ಮ ಅಟ್ಟದ್ದೇ ಕಾಯಿ ಕಣೇ, ಸುಮ್ಕೆ ಬಾ," ಅಂದಿದ್ದೆ ನೀನು.

ಅದರ ಪಕ್ಕದಲ್ಲಿತ್ತು ನೀನು ಮಾಡಿದ ಡಬ್ಬ. ವರ್ಷದ ಹತ್ತಿರ ಅಟ್ಟದಲ್ಲಿ ಒಣಗಿದ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಅವರ ಕಿವಿ ಮಂದವಾದ ಮೇಲೆ ನೀನು ಹಳೆಯ ಟೇಪ್‌ರೆಕಾರ್ಡರಿನ ಮೈಕು ಕಿತ್ತು ಅದನ್ನು ಮಾಡಿದೆ. ಒಳಗೆ ಕೊಬ್ಬರಿ ಉರುಳಿದರೆ ಕೆಂಪು ದೀಪ. ಇನ್ನೂ ನೀರಿದ್ದರೆ ದೀಪವಿಲ್ಲ. "ನನ್ ಕಿವೀನ ಡಬ್ಬೀಲಿಟ್ಬುಟ್ಲು ಕಣ್ರೇ ಈ ಹುಡ್ಗಿ!" ಎಂದು ಅಜ್ಜಿ ಕೇರಿಗೆಲ್ಲ ತೋರಿಸಿದ್ದರು.

ಹೆಸರಿನ ಅಕ್ಷರದಂತೆ ಕರೆದರು — ಮೊದಲು ಗಿರಿಜಾ ಎಂದು ನನ್ನನ್ನು, ಆಮೇಲೆ ಶಾಹಿನ್ ಎಂದು ನಿನ್ನನ್ನು. ಪುಸ್ತಕದ ಪ್ರಶ್ನೆ ಎರಡೇ ಎರಡು. ನಾವು ತಿಂಗಳುಗಟ್ಟಲೆ ಉರು ಹೊಡೆದಿದ್ದೆಲ್ಲ ಅಲ್ಲಿಗೆ ಮುಗಿಯಿತು. ಆಮೇಲೆ ಕನ್ನಡಕದ ಮೇಡಂ ನನ್ನ ಅಂಕಪಟ್ಟಿಯನ್ನು ಪಕ್ಕಕ್ಕೆ ಸರಿಸಿದರು.

"ನೀನೇ ಕೈಯಾರೆ ಏನಾದ್ರೂ ಮಾಡಿದ್ದೀಯಾ? ಅದು ಕೆಟ್ಟಾಗ ಹೇಗೆ ಸರಿ ಮಾಡಿದೆ?"

ಅಂಕಗಳನ್ನು ಬಿಟ್ಟರೆ ನನ್ನ ಹತ್ತಿರ ಏನೂ ಇರಲಿಲ್ಲ. ಹಾಳೆ ಎಳೆದುಕೊಂಡು ನಿನ್ನ ಡಬ್ಬದ ಚಿತ್ರ ಬರೆದೆ. ನೀರಿನ ಸದ್ದನ್ನೂ ಕೊಬ್ಬರಿಯ ಸದ್ದನ್ನೂ ಹೇಗೆ ಬೇರೆ ಮಾಡಿದೆ ಎಂದರು. ನೀನು ಮೂರು ಸಲ ಸೋತಿದ್ದನ್ನೂ ನನ್ನ ಸೋಲೆಂದೇ ಹೇಳಿದೆ. ಬೆಸುಗೆ ಹಾಕುವಾಗ ಸುಟ್ಟ ನಿನ್ನ ಬೆರಳನ್ನು ಕೂಡ...

"ತಂದಿದ್ದೀಯಾ?"

"ಮನೇಲಿದೆ ಮೇಡಂ."

ಗೋಡೆಯ ಆಚೆ, ನಿನ್ನ ತೊಡೆಯ ಮೇಲಿನ ಬ್ಯಾಗಿನಲ್ಲಿತ್ತು ಅದು.

ಹೊರಗೆ ಬಂದಾಗ ನೀನು ನನ್ನ ಕೈ ಹಿಡಿದುಕೊಂಡೆ. "ಏನ್ ಕೇಳ್ತಾರೆ ಕಣೇ?"

"ಬರೀ ಪುಸ್ತಕದ್ದು. ಆ ಡಬ್ಬ ಗಿಬ್ಬ ತೆಗೀಬ್ಯಾಡ, ಮನೇಲಿ ಮಾಡಿದ್ದು ಅಂದ್ರೆ ನಗ್ತಾರೆ."

"ಹಂಗಾದ್ರೆ ಬ್ಯಾಗಲ್ಲೇ ಇರ್ಲಿ ಬುಡು."

ವಾಪಸು ಬರುವ ಬಸ್ಸಿನಲ್ಲಿ ನೀನು ಹೇಳಿದೆ: "ಏನಾದ್ರೂ ಮಾಡಿದೀಯಾ ಅಂತ ಕೇಳಿದ್ರು. ಇಲ್ಲ ಅಂದ್ಬುಟ್ಟೆ. ನೀನು ಮೊದ್ಲೇ ಹೇಳಿದ್ದು ಒಳ್ಳೇದಾಯ್ತು ಕಣೇ."

ಆಗಲೂ ನಾನು ಕಿಟಕಿಯ ಆಚೆ ನೋಡುತ್ತಿದ್ದೆ.

ಆಯ್ಕೆಯಾದವಳು ನಾನು. ಮೊದಲ ದಿನ ಡಬ್ಬ ತರಲು ಹೇಳಿದ್ದರು. ನಿಮ್ಮ ಅಂಗಡಿಗೆ ಬಂದು, ನಿನ್ನ ನೆನಪಿಗೆ ಇಟ್ಟುಕೊಳ್ಳುತ್ತೇನೆ ಎಂದೆ. ಹೊಸ ಬ್ಯಾಟರಿ ಹಾಕಿ ಕೊಟ್ಟೆ ನೀನು. ಅದರ ತಳದಲ್ಲಿ ನೀನು ಮೊಳೆಯಿಂದ ನಿನ್ನ ಹೆಸರು ಕೊರೆದಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಕೂತು ನಾನು ಬ್ಲೇಡಿನಿಂದ ಅದನ್ನು ಕೆರೆದುಹಾಕಿದೆ.

ನಿನ್ನ ಮದುವೆ ಆ ವರ್ಷವೇ ಆಯಿತು.

ಈಗ ಮೇಜಿನ ಈಚೆ ಕೂತು ಇಂಟರ್ನ್‌ಶಿಪ್‌ಗೆ ಬರುವ ಮಕ್ಕಳಿಗೆ ಅದೇ ಪ್ರಶ್ನೆ ಕೇಳುವವಳು ನಾನು. ಹೋದ ವಾರ ಒಬ್ಬಳು ಬ್ಯಾಗಿನಿಂದ ತಾನು ಮಾಡಿದ್ದೊಂದನ್ನು ತೆಗೆದು ನನ್ನ ಮುಂದಿಟ್ಟಳು. "ನಗಬೇಡಿ ಮೇಡಂ" ಅಂದಳು. ನಾನು ಎದ್ದು ಹೊರಗೆ ಹೋಗಬೇಕಾಯಿತು...

ಸೋಮವಾರ, ನೀನು ತವರಿಗೆ ಬಂದಿರುವಾಗ, ನಿಮ್ಮ ಅಂಗಡಿಗೆ ಬರುತ್ತೇನೆ. ನಿಮ್ಮ ಅಬ್ಬಾ ಇರಲಿ, ಗಿರಾಕಿಗಳಿರಲಿ. ದೀಪ ಇನ್ನೂ ಉರಿಯುತ್ತದೆ. ಡಬ್ಬವನ್ನು ಮಗುಚಿ, ಬ್ಲೇಡಿನ ಗೀರು ಮೇಲಾಗುವಂತೆ ನಿನ್ನ ಮುಂದಿಡುತ್ತೇನೆ. ಅಲ್ಲಿ ಯಾರ ಹೆಸರಿತ್ತು ಎಂದು ಎಲ್ಲರೆದುರು ನಾನೇ ಹೇಳುತ್ತೇನೆ.